ವಡ್ಡ ಮತ್ತು ವಢಾ

ಮುರುಗೆಪ್ಪ ಹಂಚಿನಾಳರು ಐವತ್ತೆಂಟನೆಯ ವಯಸ್ಸಿನಲ್ಲಿ ನಾಪಾಸಾದರು. ಅದೂ ತಾವೇ ಕಟ್ಟಿದ ಪರೀಕ್ಷೆಯಲ್ಲಿ, ತಾವೇ ಹಿಂದೊಮ್ಮೆ ನಾಪಾಸು ಮಾಡಿದ್ದ ಹುಡುಗಿಯ ಕೈಯಲ್ಲಿ. ಪುಣೆಯ ಕನ್ನಡಿಗರ ನಡುವೆ ಈ ಸುದ್ದಿ ಕೆಲವು ದಿನ ಓಡಾಡಿತು. ಕೇಳಿದವರು ನಕ್ಕರು. ನಕ್ಕವರಲ್ಲಿ ಹೆಚ್ಚಿನವರಿಗೆ ಅದು ಎಂಥ ಪರೀಕ್ಷೆ ಎಂಬುದೂ ಗೊತ್ತಿರಲಿಲ್ಲ.

ಅವರು ಜಮಖಂಡಿ ಕಡೆಯವರು. ಧಾರವಾಡದ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಸರಕಾರಿ ನೌಕರಿಗಾಗಿ ಕಾದು ಬೇಸತ್ತು, ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಕೂರಲೆಂದು ಪುಣೆಗೆ ಬಂದರು. ಅಂಗಡಿ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿತ್ತು. ಕೂರುವುದು ಅವರಿಂದ ಆಗಲಿಲ್ಲ. ಗಿರಾಕಿ ಬಂದರೆ ಹೊಲ ಎಲ್ಲಿ, ಇಳಿಜಾರು ಯಾವ ಕಡೆ, ಮಳೆ ಬಿದ್ದಾಗ ನೀರು ಕೆಂಪಗೆ ಹರಿಯುತ್ತದೋ ತಿಳಿಯಾಗಿ ಹರಿಯುತ್ತದೋ ಎಂದು ವಿಚಾರಿಸುತ್ತಿದ್ದರು. ಕೆಂಪಗೆ ಎಂದರೆ, "ಹಂಗಾದ್ರ ನೀ ಹಾಕಿದ ಗೊಬ್ಬರ ಮಂದಿ ಹೊಲಕ್ಕ ಹೋಗತದ. ಮೊದಲ ಬದು ಹಾಕಿಸು, ಆಮ್ಯಾಲೆ ಬಾ" ಎಂದು ಬರಿಗೈಲಿ ಕಳಿಸುತ್ತಿದ್ದರು.

"ಅಳಿಯಾ, ಅಂಗಡಿ ಮುಚ್ಚಸೂ ವಿಚಾರ ಇದ್ರ ಬಾಯಿ ಬಿಟ್ಟು ಹೇಳಪಾ, ನಾನ ಕೀಲಿ ಹಾಕ್ತೀನಿ" ಎನ್ನುತ್ತಿದ್ದರು ಮಾವ. ಆದರೂ ಇಟ್ಟುಕೊಂಡರು. ಹಾಗೆ ಬರಿಗೈಲಿ ಹೋದ ರೈತರು ಮರುವರ್ಷ ತಮ್ಮ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಬರುತ್ತಿದ್ದುದನ್ನು ಮಾವ ಗಮನಿಸಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ಕಾಲ ಬದಲಾಯಿತು. ಗುಡ್ಡದ ಮಣ್ಣನ್ನೂ ಮಳೆಯ ನೀರನ್ನೂ ಅಲ್ಲಲ್ಲೇ ತಡೆದು ನಿಲ್ಲಿಸುವ ಜಲಾನಯನ ಕಾರ್ಯಕ್ರಮಗಳು ಹಳ್ಳಿಹಳ್ಳಿಗೆ ಬಂದವು. ಹಣ ಬಂತು, ಕೆಲಸ ಮಾಡಿಸುವ ತಿಳಿವಳಿಕೆಯವರು ಸಾಲಲಿಲ್ಲ. ಇಲಾಖೆಯ ನೌಕರರು ಒಬ್ಬರಿಗೆ ಹತ್ತು ಊರು. ಆಗ ಖಾಸಗಿ ಸಲಹೆಗಾರರಿಗೂ ಬಾಗಿಲು ತೆರೆಯಿತು. ಹೊಲ ನೋಡಿ, ಮಟ್ಟ ಅಳೆದು, ಕಾಲುವೆ ಎಲ್ಲಿ ತೋಡಬೇಕು, ಒಡ್ಡು ಎಲ್ಲಿ ಹಾಕಬೇಕು, ಎಲ್ಲಿ ಏನೂ ಮಾಡಬಾರದು ಎಂದು ಬರೆದುಕೊಡುವವರು. ಡಿಪ್ಲೊಮಾ ಓದಿ ಮನೆಯಲ್ಲಿದ್ದವರು, ನಿವೃತ್ತ ಓವರ್‌ಸಿಯರುಗಳು, ಕಟ್ಟಡದ ಗುತ್ತಿಗೆಯಲ್ಲಿ ಸೋತವರು, ಎಲ್ಲರೂ ಸಲಹೆಗಾರರಾಗಿಬಿಟ್ಟರು. ಇವರಲ್ಲಿ ಯೋಗ್ಯರು ಯಾರು ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕೆಲಸ ಶಿವಾಜಿನಗರದ ಒಂದು ಟ್ರಸ್ಟಿನ ಪಾಲಿಗೆ ಬಂತು. ಟ್ರಸ್ಟಿನ ಕಾರ್ಯದರ್ಶಿ ಮನೋಹರರಾವ್ ದಾತಾರರು ಪರೀಕ್ಷಕರನ್ನು ಹುಡುಕುತ್ತ ಹೊರಟಾಗ, ಪುರಂದರ ತಾಲ್ಲೂಕಿನ ಯಾರೋ ರೈತ ಮಾರ್ಕೆಟ್ ಯಾರ್ಡಿನ ಅಂಗಡಿಯನ್ನು ತೋರಿಸಿದ. ಗೊಬ್ಬರ ಮಾರದ ಗೊಬ್ಬರದ ಅಂಗಡಿಯವರು ಅಲ್ಲಿದ್ದಾರೆ ಎಂದನಂತೆ.

ಮುರುಗೆಪ್ಪನವರು ಪರೀಕ್ಷೆಯನ್ನು ಮೂರು ಭಾಗ ಮಾಡಿದರು. ಬರೆಯುವುದು ಒಂದು. ಉಪಕರಣ ಹಿಡಿಯುವುದು ಇನ್ನೊಂದು: ಎರಡು ಕೋಲು, ನಡುವೆ ನೀರು ತುಂಬಿದ ಪಾರದರ್ಶಕ ಪೈಪು. ಎರಡೂ ತುದಿಯ ನೀರು ಸರಿಸಮ ನಿಂತ ಕಡೆ ನೆಲದ ಮಟ್ಟ ಒಂದೇ. ಗವಂಡಿಗಳು ಗೋಡೆಯ ಮಟ್ಟ ನೋಡುವುದೂ ಹೀಗೆಯೇ. ಮೂರನೆಯದು ಹೊಲ. ಚೀಟಿ ಎತ್ತಿ ಒಬ್ಬ ರೈತನ ಹೊಲ ಆರಿಸುವುದು, ಅಭ್ಯರ್ಥಿ ಆ ರೈತನನ್ನು ಮಾತಾಡಿಸಿ ಯೋಜನೆ ಹಾಕುವುದು.

ಈ ಮೂರನೆಯ ಭಾಗಕ್ಕೆ ಅವರೊಂದು ನಿಯಮ ಸೇರಿಸಿದ್ದರು. ಅದಕ್ಕೆ ಕಾರಣವಿತ್ತು. ಸಾಸವಡದ ಆಚೆಯ ಒಂದು ಊರಿನಲ್ಲಿ ಒಬ್ಬ ಸಲಹೆಗಾರ ಇಡೀ ಗುಡ್ಡಕ್ಕೆ ಅಚ್ಚುಕಟ್ಟಾಗಿ ಕಾಲುವೆ ತೋಡಿಸಿದ್ದ. ದೀಪಾವಳಿಯ ಹೊತ್ತಿಗೆ ಕುರಿಗಾರರು ತಮ್ಮ ಹಳೆಯ ದಾರಿ ಹಿಡಿದು ಬಂದರು. ಒಂದೇ ದಿನದಲ್ಲಿ ಕುರಿ ಮಂದೆ ಅಷ್ಟನ್ನೂ ತುಳಿದು ಮುಚ್ಚಿತು. ಊರವರು ದಾರಿಯ ವಿಷಯ ಹೇಳಿದ್ದೆವು ಎಂದರು. ಸಲಹೆಗಾರ ಹೇಳಲೇ ಇಲ್ಲ ಎಂದ. ಇಬ್ಬರೂ ಸುಳ್ಳಾಡುತ್ತಿರಲಿಲ್ಲ ಎಂಬುದು ಮುರುಗೆಪ್ಪನವರಿಗೆ ಖಾತ್ರಿಯಾಯಿತು. "ಕೇಳೂದ ಬ್ಯಾರೆ, ತಿಳಿಯೂದ ಬ್ಯಾರೆ" ಎಂದರು. ಅಂದಿನಿಂದ ನಿಯಮ: ರೈತ ಹೇಳಿದ್ದನ್ನು ಅಭ್ಯರ್ಥಿ ತನ್ನ ಮಾತಿನಲ್ಲಿ ತಿರುಗಿ ರೈತನಿಗೇ ಹೇಳಬೇಕು. ರೈತ ಹೌದು ಎನ್ನಬೇಕು. ಆಮೇಲೆಯೇ ಪೈಪು ಬಿಚ್ಚಬೇಕು. ಇದಕ್ಕೆ ಅವರು ಮರುನುಡಿ ಎಂದು ಹೆಸರಿಟ್ಟರು. ಮರಾಠಿ ಅಭ್ಯರ್ಥಿಗಳು ಬೆನ್ನ ಹಿಂದೆ ಅದನ್ನು ಪೋಪಟಪಂಚಿ, ಗಿಳಿಮಾತು, ಎಂದು ಕರೆದರು. ಅವರ ಕಿವಿಗೂ ಬಿತ್ತು. "ಗಿಳಿ ತಪ್ಪು ಹೇಳೂದಿಲ್ಲ. ನೀವು ಹೇಳ್ತೀರಿ" ಎಂದರು.

ಹೊಲದಲ್ಲಿ ನಾಪಾಸಾದವರು ಒಂದು ಮಳೆಗಾಲ ಕಳೆಯುವವರೆಗೆ ಮತ್ತೆ ಪರೀಕ್ಷೆಗೆ ಕೂರುವಂತಿಲ್ಲ ಎಂಬುದೂ ಅವರದೇ ನಿಯಮ. ನೀರು ಹರಿಯುವುದನ್ನು ಒಮ್ಮೆ ನಿಂತು ನೋಡಿ ಬರಲಿ ಎಂಬುದು ಅದರ ಉದ್ದೇಶ.

ಈ ಎರಡೂ ನಿಯಮಗಳ ಪೆಟ್ಟು ತಿಂದವರಲ್ಲಿ ಸ್ನೇಹಲ್ ಬಿರಾದಾರ ಒಬ್ಬಳು. ವಿಜಾಪುರ ಕಡೆಯಿಂದ ಬಂದ ಗುಮಾಸ್ತರ ಮಗಳು, ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲಿ, ರಾಹುರಿಯಲ್ಲಿ ಕೃಷಿ ಇಂಜಿನಿಯರಿಂಗ್ ಓದಿದವಳು. ಪರೀಕ್ಷೆಯ ದಿನ ಅವಳ ಲೆಕ್ಕ ಸರಿಯಿತ್ತು, ಮಟ್ಟ ಸರಿಯಿತ್ತು. ಮರುನುಡಿ ಮಾತ್ರ ಮರೆತಳು.

"ಸರ್, ಪಾವಸಾಳಾ ಮುಗಿಯೂತನಕಾ ಥಾಂಬಬೇಕಾ?" ಎಂದಳು, ಅಳು ತಡೆಹಿಡಿದು.

"ಮಳಿಗಾಲ ಮುಗಿಯೂತನಕಾ ನಿಲ್ಲಬೇಕು. ಅಷ್ಟರಾಗ ಕನ್ನಡನೂ ಕಲಿ. ನಿಂದು ಅರ್ಧಾ ಮರಾಠಿ ಆಗೇದ."

ಅವಳು ಮರಾಠಿಯಲ್ಲಿ ಅಭ್ಯಾಸ ಮಾಡಿ, ಮರುವರ್ಷ ಬಂದು ಪಾಸಾದಳು. ಟ್ರಸ್ಟಿನಲ್ಲೇ ಕೆಲಸಕ್ಕೂ ಸೇರಿದಳು. ಮುರುಗೆಪ್ಪನವರು ಅವಳ ಕನ್ನಡ ತಿದ್ದುವುದನ್ನು ಬಿಡಲಿಲ್ಲ. ಅವಳು ಅದಕ್ಕೆ ಲಕ್ಷ್ಯ ಕೊಡುವುದನ್ನು ಬಿಟ್ಟಳು. ಇಬ್ಬರಿಗೂ ಇದರಿಂದ ತೊಂದರೆಯಾಗಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಹಣ ಕೊಡುವ ಸಂಸ್ಥೆಯಿಂದ ಒಬ್ಬ ತಪಾಸಣೆಯ ಅಧಿಕಾರಿ ಬಂದ. ಎಲ್ಲವನ್ನೂ ನೋಡಿ, ಚಹಾ ಕುಡಿದು, ಹೊರಡುವಾಗ ಕೇಳಿದ: "ಪರೀಕ್ಷಕರ ಪ್ರಮಾಣಪತ್ರ ಎಲ್ಲಿ?"

ಪ್ರಮಾಣಪತ್ರ ಎಂಬುದು ಹುಟ್ಟುವ ಮೊದಲೇ ಮುರುಗೆಪ್ಪನವರು ಪರೀಕ್ಷಕರಾಗಿದ್ದರು. ಅವರಿಗೆ ಪ್ರಮಾಣಪತ್ರ ಕೊಡುವವರು ಯಾರಿದ್ದರು? ಅಧಿಕಾರಿ ಒಪ್ಪಲಿಲ್ಲ. ಪ್ರಮಾಣಪತ್ರ ಇಲ್ಲದವರು ಪ್ರಮಾಣಪತ್ರ ಕೊಡುವಂತಿಲ್ಲ ಎಂದ. ಕೊನೆಗೆ ಒಂದು ದಾರಿಯನ್ನೂ ಅವನೇ ತೋರಿಸಿದ. ಹಳೆಯ ಸಲಹೆಗಾರರು ಮಾಡಿದ ಕೆಲಸವನ್ನು ಇಲಾಖೆ ಸ್ಥಳಕ್ಕೆ ಹೋಗಿ ನೋಡಿ ಒಪ್ಪಿದ್ದರಿಂದ ಅವರ ಪ್ರಮಾಣಪತ್ರಗಳು ಉಳಿಯುತ್ತವೆ. ಈಚಿನ ಮೂರು ವರ್ಷಗಳಲ್ಲಿ ಕೊಟ್ಟವು ಮಾತ್ರ ತೂಗಾಡುತ್ತವೆ. ಹಳೆಯವರಲ್ಲಿ ಒಬ್ಬರು ಮುರುಗೆಪ್ಪನವರನ್ನು ಪರೀಕ್ಷಿಸಲಿ. ಅವರು ಪಾಸಾದರೆ ಅವರು ಕೊಟ್ಟವೂ ಪಾಸು. ಆಗದಿದ್ದರೆ ಅಷ್ಟೂ ಮಂದಿ ಮತ್ತೆ ಪರೀಕ್ಷೆಗೆ ಬರಬೇಕು, ಪರೀಕ್ಷಕರ ಕುರ್ಚಿಗೆ ಬೇರೆಯವರು ಬರಬೇಕು.

ಹಳೆಯವರಲ್ಲಿ ಪುಣೆಯಲ್ಲೇ ಇದ್ದವಳು ಸ್ನೇಹಲ್.

ಮನೋಹರರಾವ್ ಇಬ್ಬರನ್ನೂ ಕೂರಿಸಿಕೊಂಡು ಮರಾಠಿಯಲ್ಲಿ ಸಮಾಧಾನದ ಮಾತಾಡಿದರು. ಇದೊಂದು ಶಾಸ್ತ್ರ ಅಷ್ಟೆ. ದೇವರಿಗೇ ಗುಡಿಯ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದ ಹಾಗೆ. ಒಂದು ಬೆಳಿಗ್ಗೆ ಹೋಗಿ ಮುಗಿಸಿ ಬನ್ನಿ.

"ಶಾಸ್ತ್ರ ಅಂದ್ರ ಪೂರಾ ಶಾಸ್ತ್ರ ಆಗಬೇಕು" ಎಂದರು ಮುರುಗೆಪ್ಪನವರು ಸ್ನೇಹಲ್ ಕಡೆ ತಿರುಗಿ. "ನನಗ ಅಂತ ಏನೂ ಬಿಡಬ್ಯಾಡ."

"ಬಿಡೂದಿಲ್ರಿ ಸರ್" ಎಂದಳು ಅವಳು.

ಬಿಬವೇವಾಡಿಯ ಮನೆಯಲ್ಲಿ ಹೆಂಡತಿ ಅನುಸೂಯಾ ಈ ಸುದ್ದಿಯನ್ನು ಮನಸಾರೆ ಅನುಭವಿಸಿದರು. ಮದುವೆಯಾದಾಗಿನಿಂದ ಅಡಿಗೆ, ಬಟ್ಟೆ, ಬೀಗರು ಎಲ್ಲಕ್ಕೂ ಗಂಡನಿಂದ ಅಂಕ ಪಡೆದವರು ಅವರು.

"ಅಭ್ಯಾಸ ಮಾಡ್ರೆಲಾ. ಹಿಂಗ ಪೇಪರ್ ಓದಕೋತ ಕೂತ್ರ ಆ ಹುಡಿಗಿ ಸೊನ್ನಿ ಕೊಡ್ತಾಳ."

"ನಾ ಮಾಡಿದ ಪರೀಕ್ಷಾಕ್ಕ ನಾ ಅಭ್ಯಾಸ ಮಾಡಲ್ಯಾ?"

"ನಾ ಮಾಡಿದ ಸಾರಿಗೆ ಉಪ್ಪು ಆಗೇದೋ ಇಲ್ಲೋ ನಾ ನೋಡೂದಿಲ್ಲೇನ್ರಿ?"

ಅವರು ಪೇಪರು ಮಡಚಲಿಲ್ಲ.

ಬರೆಯುವ ಭಾಗ ಕಚೇರಿಯಲ್ಲೇ ಮುಗಿಯಿತು. ಉಳಿದೆರಡಕ್ಕೆ ಟ್ರಸ್ಟಿನ ಜೀಪಿನಲ್ಲಿ ಜೇಜುರಿಯ ಕಡೆ ಹೊರಟರು. ಮೇ ತಿಂಗಳ ಬಿಸಿಲು ಏರುವ ಮುಂಚೆಯೇ ಗುಡ್ಡದ ಬುಡ ತಲುಪಿದ್ದರು. ಪೈಪಿನ ಕೆಲಸದಲ್ಲಿ ಮುರುಗೆಪ್ಪನವರನ್ನು ಮೀರಿಸುವವರಿರಲಿಲ್ಲ. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ; ಅವರು ಬೆರಳಿನಿಂದ ಮೆಲ್ಲನೆ ತಟ್ಟುತ್ತ ಒಂದೊಂದೇ ಗುಳ್ಳೆಯನ್ನು ಮೇಲಕ್ಕೆ ಓಡಿಸಿದರು. ಸ್ನೇಹಲ್ ಪೂರ್ತಿ ಅಂಕ ಕೊಟ್ಟಳು. ಆಮೇಲೆ ಚೀಟಿ ಎತ್ತಿಸಿದಳು. ಬಂದದ್ದು ಕಲ್ಲವ್ವನ ಹೊಲ.

ಕಲ್ಲವ್ವ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡನ ಅಜ್ಜ ಎಂದೋ ಇಂಡಿ ತಾಲ್ಲೂಕಿನಿಂದ ಖಂಡೋಬನಿಗೆ ನಡೆದುಕೊಂಡು ಬಂದವನು ತಿರುಗಿ ಹೋಗದೆ ಇಲ್ಲೇ ನೆಲ ಹಿಡಿದಿದ್ದ. ಮೂರು ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸ್ತಿಲ ಆಚೆ ಮರಾಠಿ. ಮುರುಗೆಪ್ಪನವರು ಅವಳನ್ನು ಮರಾಠಿಯಲ್ಲೇ ಮಾತಾಡಿಸಿದರು. ಅವಳು ಉತ್ತರ ಕೊಡುವ ಮೊದಲು ಎಮ್ಮೆಯನ್ನು ಗದರಿಸಿದಳು: "ಏ ಮುದುಕಿ, ಬಾಯಿ ತಗೀ ಅದರಾಗಿಂದ!"

ಮುರುಗೆಪ್ಪನವರ ಮುಖ ಅರಳಿತು. "ಅಯ್ಯವ್ವ! ಕನ್ನಡದವರೇನ ನೀವು?"

"ಹೌದ್ರಿ. ನೀವೂ ನಮ್ಮವರ? ಮತ್ತ ಇಷ್ಟೊತ್ತನಕಾ ಯಾಕ ಟಸ್ಸ ಪುಸ್ಸ ಮರಾಠಿ ಮಾತಾಡಿದ್ರಿ?"

"ಗೊತ್ತ ಇದ್ದಿಲ್ಲವ್ವಾ. ಎಮ್ಮಿ ಹೇಳ್ತು."

ಮೂವರೂ ನಕ್ಕರು. ಬೇವಿನ ನೆರಳಲ್ಲಿ ಕೂತರು. ಯಾವ ಊರು, ಯಾವ ಮನೆತನ, ಇಂಡಿಯ ನಿಂಬೆ, ಜಮಖಂಡಿಯ ಬೆಲ್ಲ, ಇಲ್ಲಿ ಖಂಡೋಬ ಅನ್ನುವವನೇ ಅಲ್ಲಿ ಮೈಲಾರಲಿಂಗ ಎಂಬ ಮಾತುಗಳಾದವು. ಮಾತು ಹೊಲಕ್ಕೆ ಬಂದಾಗ ಕಲ್ಲವ್ವ ಗುಡ್ಡದ ಕಡೆ ಕೈ ಬೀಸಿ ಹೇಳಿದಳು:

"ನೋಡ್ರಿ ಯಪ್ಪಾ, ಉಳಿದದ್ದು ಏನ ಬೇಕಾದ್ದ ಮಾಡ್ರಿ. ವಢಾಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಅದು ನಮ್ಮ ಅತ್ತಿ ಕಾಲದಿಂದನೂ ಹಂಗ ಅದ. ಅದು ಇದ್ದದ್ದಕ್ಕ ನಮ್ಮ ಬಾವ್ಯಾಗ ನೀರ ಅದ."

ವಢಾ ಎಂದರೆ ಅಲ್ಲಿಯ ಹಳ್ಳಿಯ ಮರಾಠಿಯಲ್ಲಿ ಹಳ್ಳ; ಪೇಟೆಯವರು ಓಢಾ ಎನ್ನುತ್ತಾರೆ. ಮುರುಗೆಪ್ಪನವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಮರಾಠಿಯ ರೈತನೊಬ್ಬ ವಢಾ ಎಂದಿದ್ದರೆ ಅವರಿಗೆ ಹಳ್ಳವೇ ಕಾಣುತ್ತಿತ್ತು. ಆದರೆ ಈಗ ಕಿವಿ ಜಮಖಂಡಿಗೆ ಹೋಗಿ ಕೂತಿತ್ತು. ಅಲ್ಲಿ ಒಡ್ಡಿಗೆ ವಡ್ಡ ಎನ್ನುತ್ತಾರೆ. ಅವರು ವಡ್ಡ ಎಂದೇ ಕೇಳಿಸಿಕೊಂಡರು. ಹಳೆಯ ಒಡ್ಡು, ಅತ್ತೆಯ ಕಾಲದ್ದು, ಅದರಿಂದ ಬಾವಿಗೆ ನೀರು: ಮಾತಿಗೆ ಮಾತು ಕೂಡಿತು. ತಲೆಯೆತ್ತಿ ನೋಡಿದರೆ ಹೊಲದ ಮೇಲ್ಭಾಗದಲ್ಲಿ ಹುಲ್ಲು ಬೆಳೆದ ಉದ್ದನೆಯ ಮಣ್ಣಿನ ದಿಣ್ಣೆಯೂ ಕಂಡಿತು.

"ಇಲ್ಲ ಬಿಡವ್ವಾ, ಅದಕ್ಕ್ಯಾಕ ಕೈ ಹಚ್ಚಲಿ" ಎಂದು ಎದ್ದರು.

ಸ್ನೇಹಲ್ ಒಂದು ಕ್ಷಣ ತಡೆದಳು. ಪರೀಕ್ಷಕರು ಸುಳಿವು ಕೊಡಬಾರದು. ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು, ಎಲ್ಲ ಅಭ್ಯರ್ಥಿಗಳಿಗೂ ಕೇಳುವಂಥದು. ಅದನ್ನು ಕೇಳಿದಳು:

"ಸರ್, ರೈತರ ಜೋಡಿ ಮಾತು ಮುಗೀತಾ?"

"ಮುಗೀತ. ನಮ್ಮ ಮಂದಿ ಜೋಡಿ ಏನದ? ಒಂದ ಮಾತಿಗೆ ತಿಳೀತದ."

ಪೈಪು ಬಿಚ್ಚಿದರು.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಯೋಜನೆ ಸಿದ್ಧವಾಯಿತು. ಮೇಲಿನ ದಿಣ್ಣೆಯನ್ನು ಹಾಗೇ ಬಿಟ್ಟಿದ್ದರು. ಇಳಿಜಾರಿಗೆ ಅಡ್ಡಲಾಗಿ ಕಾಲುವೆಗಳು, ಕೆಳಗೆ ಹಳ್ಳ ಸಣ್ಣದಾಗುವ ಕಡೆ ಒಂದು ಮಣ್ಣಿನ ತಡೆ. ಎಲ್ಲ ಮಟ್ಟಗಳೂ ಸರಿಯಿದ್ದವು. ಅದನ್ನು ಕಟ್ಟಿದ್ದರೆ ಹಳ್ಳದ ನೀರು ತಡೆಯ ಹಿಂದೆ, ಬಂಡೆಯ ಮೇಲೆ ನಿಂತು ಒಣಗುತ್ತಿತ್ತು. ಕೆಳಗಿನ ಮರಳುಪಟ್ಟಿಯ ಮೂಲಕ ಬಾವಿಗೆ ಇಳಿಯುತ್ತಿದ್ದುದು ನಿಲ್ಲುತ್ತಿತ್ತು.

ಸ್ನೇಹಲ್ ಪೆನ್ನಿನ ಮುಚ್ಚಳ ಹಾಕಿದಳು.

"ಸರ್, ಹೊಲದ ಭಾಗ ನಾಪಾಸ."

ಮುರುಗೆಪ್ಪನವರು ಮೊದಲು ನಕ್ಕರು. ಅವಳು ನಗಲಿಲ್ಲ.

"ಯಾಕ?"

"ಮರುನುಡಿ ಆಗಲಿಲ್ಲ. ಅದು ಒಂದು. ಕಲ್ಲವ್ವಾರು ಮುಟ್ಟಬ್ಯಾಡ್ರಿ ಅಂದದ್ದನ್ನ ನೀವು ಮುಟ್ಟೀರಿ. ಅದು ಎರಡು."

"ಎಲ್ಲಿ ಮುಟ್ಟೀನಿ? ವಡ್ಡ ಅಲ್ಲೇ ಅದ, ನೋಡು!" ಎಂದು ದಿಣ್ಣೆಯ ಕಡೆ ಕೈ ಮಾಡಿದರು. ಅವರ ದನಿ ಏರಿತ್ತು. ಕಲ್ಲವ್ವ ನೀರಿನ ತಂಬಿಗೆ ಹಿಡಿದು ಬಂದಳು.

"ಏನಾತ್ರಿ?"

"ಅವ್ವಾ, ನೀನ ಹೇಳು. ವಡ್ಡಕ್ಕ ಕೈ ಹಚ್ಚಬ್ಯಾಡ ಅಂದಿಲ್ಲೋ?"

"ವಡ್ಡಾ? ಯಾವ ವಡ್ಡರೀ? ನಾ ವಢಾ ಅಂದೆ. ಈ ವಢಾ" ಎಂದು ಹಳ್ಳ ತೋರಿಸಿದಳು.

"ಮತ್ತ ಅಲ್ಲಿ ಮ್ಯಾಲೆ ಇರೂದು?"

"ಅದಾ? ರಸ್ತಾ ಮಾಡೂ ಮಂದಿ ಹೋದ ವರ್ಷ ಮಣ್ಣ ಸುರುವಿ ಹೋಗ್ಯಾರ. ಬಯ್ಯಬೇಕಂದ್ರ ಒಬ್ಬರೂ ಸಿಗವಲ್ಲರು."

ಮುರುಗೆಪ್ಪನವರು ದಿಣ್ಣೆಯನ್ನೊಮ್ಮೆ, ಹಳ್ಳವನ್ನೊಮ್ಮೆ ನೋಡಿದರು. ಆಮೇಲೆ ಹಟದಿಂದ ಹೇಳಿದರು: "ವಢಾ ಮರಾಠಿ ಶಬ್ದ ಅವ್ವಾ. ಕನ್ನಡದಾಗ ಹಳ್ಳ ಅಂತಾರ."

"ಹಳ್ಳ ಗಿಳ್ಳ ನಮಗ ಗೊತ್ತಿಲ್ರಿ. ನಮ್ಮತ್ತಿ ವಢಾ ಅಂತಿದ್ಲು, ಅಕಿ ಅತ್ತಿ ವಢಾ ಅಂತಿದ್ಲು. ನಮ್ಮ ಮನ್ಯಾಗ ಕನ್ನಡದಾಗ ವಢಾನ ಅಂತಾರ."

ಮುರುಗೆಪ್ಪನವರು ಸ್ನೇಹಲ್ ಕಡೆ ತಿರುಗಿದರು. "ನಿನಗ ಹೆಂಗ ತಿಳೀತು?"

"ನಮ್ಮ ಮನ್ಯಾಗೂ ಹಂಗ ಅಂತಾರ ಸರ್. ನನ್ನ ಕನ್ನಡ ಅರ್ಧಾ ಮರಾಠಿ ಅಲ್ಲಾ?"

ಕಲ್ಲವ್ವ ಇಬ್ಬರನ್ನೂ ನೋಡಿ, ಇದೇ ಹೊತ್ತು ಎಂದು ತನ್ನದೊಂದು ಬೇಡಿಕೆ ಇಟ್ಟಳು. ಬಾವಿಯ ಪಕ್ಕಕ್ಕೇ ಒಂದು ಹೊಂಡ ತೋಡಿಸಿಕೊಡಬೇಕಂತೆ, ಎಮ್ಮೆಗೆ. ಅಲ್ಲಿ ಹೊಂಡ ತೋಡಿದರೆ ಬಾವಿಯ ಗೋಡೆ ಕುಸಿಯುತ್ತದೆ ಎಂದು ಸ್ನೇಹಲ್ ಹೇಳಿದಳು. ಕಲ್ಲವ್ವ ಒಪ್ಪಲಿಲ್ಲ. ಜೀಪು ಹೊರಡುವವರೆಗೂ ಅವಳು ಹೊಂಡದ ವಿಷಯವನ್ನೇ ಹೇಳುತ್ತಿದ್ದಳು.

ಅವರು ಸುಲಭವಾಗಿ ಒಪ್ಪಿಕೊಂಡರು ಎಂದು ಆಮೇಲೆ ಕೆಲವರು ಹೇಳಿದ್ದುಂಟು. ಅದು ನಿಜವಲ್ಲ. ಮರುದಿನವೇ ಅವರು ಮನೋಹರರಾವ್ ಮುಂದೆ ಕೂತು ವಾದಿಸಿದರು. ಒಂದು ಶಬ್ದ ತಪ್ಪಿ ಕೇಳಿಸಿದ್ದು ತಾಂತ್ರಿಕ ದೋಷವಲ್ಲ. ಮಟ್ಟ ತಪ್ಪಿಲ್ಲ, ಲೆಕ್ಕ ತಪ್ಪಿಲ್ಲ. ಆ ಹೆಂಗಸು ಕನ್ನಡದಲ್ಲಿ ಮಾತಾಡುತ್ತ ನಡುವೆ ಮರಾಠಿ ತಂದರೆ ಅದರ ಹೊಣೆ ಯಾರದು? ಮನೋಹರರಾವ್‌ಗೂ ಬೇಕಾದದ್ದು ಇದೇ. ಮಳೆ ಬರುವ ಮೊದಲು ಕೆಲಸ ಮುಗಿಸಬೇಕಾದ ಊರುಗಳಿದ್ದವು. ಅಲ್ಲಿಯ ಸಲಹೆಗಾರರನ್ನೆಲ್ಲ ಈಗ ಮರುಪರೀಕ್ಷೆಗೆ ಕರೆಯುವುದೆಂದರೆ ತಲೆನೋವು. ಅವರು ಸ್ನೇಹಲ್‌ಳನ್ನು ಕರೆಸಿ, ಗುರುವಿನ ವಿಷಯದಲ್ಲಿ ಸ್ವಲ್ಪ ಉದಾರವಾಗಿರಬಾರದೇ ಎಂದು ಕೇಳಿದರು.

"ಸರ್ ಬಿಡಬ್ಯಾಡ ಅಂದಿದ್ರು" ಎಂದಳು ಸ್ನೇಹಲ್. "ಅವರೇ ಈಗ ಬಿಡು ಅಂದ್ರ ಬರದು ಕೊಡ್ಲಿ. ಆದ್ರ ನನ್ನ ಸಹಿ ಬ್ಯಾಡ."

ಟ್ರಸ್ಟಿನ ಸಮಿತಿಯ ಸಭೆ ಮುಂದಿನ ವಾರಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಮುರುಗೆಪ್ಪನವರು ಮನೆಯಲ್ಲಿ ಕೂತು ತಮ್ಮ ಆಕ್ಷೇಪಣೆ ಬರೆದರು, ತಿದ್ದಿದರು, ಮತ್ತೆ ಬರೆದರು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದರು. ಶುದ್ಧ ಭಾಷೆ ಎಂಬ ಮಾತು ಅದರಲ್ಲಿ ಹಲವು ಕಡೆ ಬರುತ್ತಿತ್ತು.

"ಛಲೋ ಬರದೀರಿ" ಎಂದರು ಅನುಸೂಯಾ, ಅವಲಕ್ಕಿ ತೊಳೆಯುತ್ತ.

"ಕಾಂದಾ ಸ್ವಲ್ಪ ಜಾಸ್ತಿ ಹೆಚ್ಚಿ ಹಾಕು ಇವತ್ತ."

"ಏನ ಹಾಕಲಿ?"

"ಕಾಂದಾ."

"ಕಾಂದಾ ಅಂದ್ರೇನ್ರಿ?"

ಮುರುಗೆಪ್ಪನವರು ಕನ್ನಡಕದ ಮೇಲಿಂದ ನೋಡಿದರು.

"ನಮ್ಮ ತವರಮನ್ಯಾಗ ಉಳ್ಳಾಗಡ್ಡಿ ಅಂತಿದ್ರು" ಎಂದರು ಅನುಸೂಯಾ. "ನೀವೂ ಮದುವಿಯಾದ ಹೊಸದಾಗ ಹಂಗ ಅಂತಿದ್ರಿ. ಯಾವಾಗ ಕಾಂದಾ ಆತೋ ನನಗೂ ನೆನಪಿಲ್ಲ. ನಾ ಏನ ಕೇಳಲಿಲ್ಲ, ಹೆಚ್ಚಿ ಹಾಕ್ದೆ. ಈಗ ನಾನೂ ಒಂದು ಅರ್ಜಿ ಬರೀಲ್ಯಾ?"

ಅವರು ಅವಲಕ್ಕಿ ತಿಂದು ಮುಗಿಸಿದರು. ಆಮೇಲೆ ಬರೆದ ಹಾಳೆಗಳನ್ನು ತೆಗೆದುಕೊಂಡು ಹಿಂಬದಿಯಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕ ಮಾಡಿದರು. ಹಾಳೆ ಹಾಳು ಮಾಡುವ ಅಭ್ಯಾಸ ಅವರಿಗಿರಲಿಲ್ಲ.

ಸಭೆಯಲ್ಲಿ ಮನೋಹರರಾವ್ ಆಕ್ಷೇಪಣೆ ಎಲ್ಲಿ ಎಂದು ಕೇಳಿದಾಗ, ಇಲ್ಲ ಎಂದರು. ಶಬ್ದ ತಪ್ಪಿ ಕೇಳುವುದು ಯಾರಿಗೂ ಆಗಬಹುದು, ಮರುನುಡಿ ಇರುವುದೇ ಅದಕ್ಕೆ. ಅದನ್ನು ತಾವು ಬಿಟ್ಟದ್ದು ಸ್ವಂತ ಜನ ಎಂಬ ಸಲಿಗೆಯಿಂದ. ಪರಕೀಯರಾಗಿದ್ದರೆ ಬಿಡುತ್ತಿರಲಿಲ್ಲ. "ಸ್ನೇಹಲ್ ಬರೆದದ್ದು ಸರಿ ಇದೆ" ಎಂದು ಮರಾಠಿಯಲ್ಲಿ ಹೇಳಿ ಕೂತರು. ಸಮಿತಿಯವರಿಗೆ ಇದು ಅಷ್ಟೇನೂ ಇಷ್ಟವಾಗಲಿಲ್ಲ. ಆದರೆ ಬೇರೆ ಮಾಡುವಂತೆಯೂ ಇರಲಿಲ್ಲ.

ಮರುಪರೀಕ್ಷೆಗಳು ತಕ್ಷಣ ಶುರುವಾದವು. ಪರೀಕ್ಷಕಳು ಸ್ನೇಹಲ್. ಸಲಹೆಗಾರರು ಫೋನು ಮಾಡಿ ಮುರುಗೆಪ್ಪನವರನ್ನು ಬೈದರು. ಸಭ್ಯರು ಸಭ್ಯವಾಗಿ, ಉಳಿದವರು ಉಳಿದ ರೀತಿಯಲ್ಲಿ. ಭೋರ್ ಕಡೆಯ ಒಬ್ಬ, "ಸರ್, ಗಿಳಿ ಹಾರಿಹೋಯಿತಂತೆ?" ಎಂದು ಕೇಳಿ ಫೋನಿಟ್ಟ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಪ್ರತಿ ಸಂಜೆ ಫಲಿತಾಂಶ ಏನಾಯಿತೆಂದು ಸ್ನೇಹಲ್‌ಗೆ ಫೋನು ಮಾಡಿ ವಿಚಾರಿಸುತ್ತಿದ್ದರು. ಬಹುಪಾಲು ಜನ ಪಾಸಾದರು. ಉಳಿದವರಲ್ಲಿ ಅವರು ಎಲ್ಲರಿಗಿಂತ ಜಾಣನೆಂದು ಎಣಿಸಿದ್ದವನೊಬ್ಬ ಪೈಪಿನಲ್ಲಿ ಗುಳ್ಳೆ ಬಿಟ್ಟು ನಾಪಾಸಾದ. ಅವರಿಗೆ ತಮ್ಮ ನಾಪಾಸಿಗಿಂತ ಅದು ಹೆಚ್ಚು ಚುಚ್ಚಿತು.

ಮಳೆಗಾಲ ಮುಗಿಯುವವರೆಗೆ ಅವರಿಗೆ ಕೆಲಸವಿರಲಿಲ್ಲ. ಮಳೆ ಬಂದ ದಿನಗಳಲ್ಲಿ ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಹಿಡಿದು, ಕೊಡೆ ಹಿಡಿದು, ಪುರಂದರದ ಗುಡ್ಡಗಳಲ್ಲಿ ನೀರು ಎಲ್ಲಿ ಹರಿಯುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದರು. ನಾಪಾಸಾದವರು ಮಾಡಬೇಕಾದದ್ದು ಅದೇ. ಮನೆಗೆ ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಅನುಸೂಯಾ ಬಟ್ಟೆ ಒಗೆಯುವ ಸೋಪಿನ ಬಗ್ಗೆ ಎರಡು ಮಾತಾಡಿ ಸುಮ್ಮನಾಗುತ್ತಿದ್ದರು.

ನವೆಂಬರಿನಲ್ಲಿ ಮತ್ತೆ ಚೀಟಿ ಎತ್ತಿದರು. ಈ ಸಲ ಮಾತು ಕಡಿಮೆಯ ಒಬ್ಬ ಮರಾಠಾ ರೈತನ ಹೊಲ. ಹೇಳಿದ್ದನ್ನೆಲ್ಲ ತಿರುಗಿ ಹೇಳಿದರು. ರೈತ ಇಡೀ ಹೊತ್ತು ಇವರಿಗೆ ಏನೋ ಆಗಿದೆ ಎಂಬಂತೆ ನೋಡಿ, ಕೊನೆಗೆ ಹೌದು ಎಂದ. ಪಾಸಾದರು. ಸ್ನೇಹಲ್ ಕೊಟ್ಟ ಪ್ರಮಾಣಪತ್ರದ ಸಂಖ್ಯೆ ಅವರ ಎಲ್ಲ ಶಿಷ್ಯರ ಸಂಖ್ಯೆಗಳ ನಂತರದ್ದಾಗಿತ್ತು. ಪರೀಕ್ಷಕರ ಕುರ್ಚಿಗೆ ಅವರು ತಿರುಗಿ ಹೋಗಲಿಲ್ಲ. ಮನೋಹರರಾವ್ ಕರೆದರು, ಸ್ನೇಹಲ್ ಸಹ ಕರೆದಳು. ಅದರಲ್ಲಿ ಈಗ ಕೂತವಳು ತಮಗಿಂತ ಗಟ್ಟಿ ಎಂದರು ಮುರುಗೆಪ್ಪನವರು. ಖಾಸಗಿ ಸಲಹೆಗಾರರಾಗಿ, ಊರೂರು ತಿರುಗುವ ಕೆಲಸ ಹಿಡಿದರು. ಮುಂದೆ ಮೊಣಕಾಲು ಹಟ ಹಿಡಿಯುವವರೆಗೆ ಅದನ್ನೇ ಮಾಡಿದರು.

ಮೊದಲ ಕೆಲಸ ಕೇಳಿಕೊಂಡು ಬಂದದ್ದು ಜೇಜುರಿಯಿಂದ. ಕಲ್ಲವ್ವನ ಹೊಲಕ್ಕೆ ಕಾಲುವೆ ಮಂಜೂರಾಗಿತ್ತು. ಅವರು ಹೋದಾಗ ಅವಳು ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲಿತ್ತು.

"ಬರ್ರಿ ಯಪ್ಪಾ. ಹೊಂಡ ತೋಡ್ತೀರೇನ್ರಿ?"

"ಹೊಂಡ ಇಲ್ಲ. ಕಾಲುವಿ. ಮೊದಲ ನೀ ಹೇಳು, ಯಾವುದಕ್ಕ ಕೈ ಹಚ್ಚಬಾರದು?"

"ಹೋದ ಸಲ ಹೇಳೀನೆಲ್ರಿ."

"ಮತ್ತೊಮ್ಮೆ ಹೇಳು."

"ವಢಾಕ್ಕ."

"ವಢಾ ಅಂದ್ರ ಯಾವುದು? ಎದ್ದು ಬಾ, ಬೆರಳ ಮಾಡಿ ತೋರಸು."

ಕಲ್ಲವ್ವ ಸೊಂಟಕ್ಕೆ ಕೈಯಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ ಶಿವನ! ಇಷ್ಟ ವಯಸ್ಸಾಗೇದ, ಇನ್ನೂ ಕನ್ನಡ ಬರವಲ್ದೇನ್ರಿ ನಿಮಗ?"

"ಕಲಿಯಾಕತ್ತೀನವ್ವಾ. ತೋರಸು."

ಅವಳು ಗೊಣಗುತ್ತ ಎದ್ದು ಹಳ್ಳದ ದಂಡೆಯವರೆಗೆ ನಡೆದು ಬೆರಳು ಮಾಡಿ ತೋರಿಸಿದಳು. ಮುರುಗೆಪ್ಪನವರು ಅವಳ ಪಕ್ಕ ನಿಂತು, ಹಳ್ಳದ ಮೇಲಿನ ತುದಿಯಿಂದ ಬಾವಿಯವರೆಗೆ ಕೈ ಬೀಸಿ, ಅವಳು ಹೇಳಿದ್ದನ್ನು ಅವಳಿಗೇ ತಿರುಗಿ ಹೇಳಿದರು. ವಢಾ ಎಂದೇ ಹೇಳಿದರು.

"ಹೌದ್ರಿ" ಎಂದಳು ಕಲ್ಲವ್ವ.

ಆಮೇಲೆ ಅವರು ಪೈಪು ಬಿಚ್ಚಿದರು.